ಮೊದಲು ಮೇಳ ಕಟ್ಟಿಸು, ಹೊಸ ವೀಣೆ ಆಮೇಲೆ

ಮೈಸೂರು, ಭಾನುವಾರ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

22 ವರ್ಷ ಆದ ಮೇಲೆ ಮತ್ತೆ ವೀಣೆ ಮುಂದೆ ಕೂತಿದ್ದೀಯ ಅಂತ ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಅಜ್ಜಿ ಇದ್ದಿದ್ದರೆ ಅವತ್ತು ಪಾಯಸ ಆಗುತ್ತಿತ್ತು. ಜೊತೆಗೆ ಇನ್ನೊಂದು ಸುದ್ದಿಯೂ ಬಂತು. ಅಜ್ಜಿಯ ವೀಣೆಯಲ್ಲಿ ಸ್ವರ ಸರಿಯಾಗಿ ಬರುತ್ತಿಲ್ಲವಂತೆ, ಒಂದೇ ಮರದಲ್ಲಿ ಕೆತ್ತಿದ ಏಕಾಂಡ ವೀಣೆ ಕೊಳ್ಳುತ್ತೀಯಂತೆ. ಸ್ವಲ್ಪ ತಡಿ.

ಸ್ವರ ಸೇರದಿದ್ದರೆ ನನ್ನ ಅನುಮಾನ ಮರದ ಮೇಲಲ್ಲ, ಮೇಣದ ಮೇಲೆ. ತಂತಿಯ ಕೆಳಗೆ ಸ್ವರ ಒತ್ತುವ 24 ಮೆಟ್ಟಿಲೂ ಕೂತಿರುವುದು ಮೇಣದಲ್ಲಿ ತಾನೆ? ಬಿಸಿಲಿಗೆ ಅದು ಮೆತ್ತಗಾಗುತ್ತೆ, ಹಳತಾದರೆ ಬಿರುಕು ಬಿಡುತ್ತೆ. ಮೆಟ್ಟಿಲು ಕೂದಲೆಳೆಯಷ್ಟು ಜರುಗಿದರೂ ಗಾಂಧಾರ ಕೆಟ್ಟಿತು. ಮೊದಲು ಏಳೂ ತಂತಿ ಬದಲಾಯಿಸು, ಹಳೇ ತಂತಿಯೂ ಸುಳ್ಳು ಹೇಳುತ್ತೆ. ಆಮೇಲೆ ಮೊದಲ ತಂತಿ ಸಾರಣಿಯನ್ನು ಒತ್ತದೆ ಮೀಟು, 12ನೇ ಮೆಟ್ಟಿಲಲ್ಲಿ ಒತ್ತಿ ಮೀಟು. ಷಡ್ಜಕ್ಕೆ ಮೇಲಿನ ಷಡ್ಜ ಸೇರಬೇಕು. ಸೇರದಿದ್ದರೆ ಮೇಳ ಕಟ್ಟಿಸುವ, ಅಂದರೆ ಹೊಸ ಮೇಣದಲ್ಲಿ ಮೆಟ್ಟಿಲು ಮತ್ತೆ ಕೂರಿಸುವ ಕಾಲ ಬಂದಿದೆ ಅಂತಲೇ.

ನನ್ನ ಕಥೆ ಕೇಳು. ಒಮ್ಮೆ ಮೇ ತಿಂಗಳಲ್ಲಿ ಮದುವೆಗೆ ಹೋಗಿ, ವೀಣೆಯನ್ನು ಕಾರಿನಲ್ಲೇ ಬಿಟ್ಟು ಊಟಕ್ಕೆ ಕೂತೆ. ಹೋಳಿಗೆ ಎರಡೆರಡು ಬಾರಿ ಹಾಕಿಸಿಕೊಂಡೆ ಬೇರೆ! ಬಂದು ನೋಡಿದರೆ ಮೇಣ ಇಳಿದು ಮೆಟ್ಟಿಲೆಲ್ಲ ವಾಲಿಕೊಂಡಿದ್ದವು. ವೀಣೆ ಹೋಯ್ತು ಅಂತ ಅತ್ತೆ. ಮೇಳ ಕಟ್ಟುವವರು ಹಳೇ ಮೇಣ ಕೆತ್ತಿ ತೆಗೆದು, ಹೊಸದು ಹಾಕಿ, ಒಂದೊಂದೇ ಮೆಟ್ಟಿಲನ್ನು ಕಿವಿಯಲ್ಲೇ ಅಳೆದು ಕೂರಿಸಿದರು. ಆ ವೀಣೆಯನ್ನೇ ಇವತ್ತಿಗೂ ನುಡಿಸುತ್ತಿದ್ದೇನೆ.

ಇನ್ನು ಬೆರಳು. ತುದಿ ಉರಿಯುತ್ತೆ, ತಂತಿ ಎಳೆದರೆ ಸ್ವರ ಅರ್ಧಕ್ಕೇ ನಿಲ್ಲುತ್ತೆ ಅಲ್ವಾ? ಅದಕ್ಕೆ ಯಾವ ವೀಣೆಯೂ ಮದ್ದಲ್ಲ. ಬೆರಳಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿಕೊ, ಮಾಯಾಮಾಳವಗೌಳ ರಾಗದ ಸರಳೆ ವರಸೆ, ಅದೇ ಮೊದಲ ಪಾಠ, ಹಿಡಿ. ಮೊದಲನೇ ಕಾಲದಲ್ಲಿ, ನಿಧಾನವಾಗಿ ಮಾತ್ರ. ಒಂದು ಕಾಲಕ್ಕೆ ವರ್ಣ ನುಡಿಸಿದವಳಿಗೆ ಇದು ಅವಮಾನ ಅನ್ನಿಸುತ್ತೆ, ಗೊತ್ತು. 20 ನಿಮಿಷ ಸಾಕು, ದಿನವೂ ಆಗಬೇಕು. ವೀಣೆಯನ್ನು ಗವಸು ಹಾಕಿ ಬೀರುವಿನ ಹಿಂದೆ ಇಡಬೇಡ. ಹಾಲ್‌ನಲ್ಲೇ ಚಾಪೆ ಮೇಲಿರಲಿ, ಮೇಲೊಂದು ಹತ್ತಿ ಬಟ್ಟೆ. ಕಣ್ಣಿಗೆ ಬಿದ್ದರೆ ಕೈ ತಾನೇ ಹೋಗುತ್ತೆ.

ಏಕಾಂಡ ಬೇಡವೇ ಬೇಡ ಅಂತಿಲ್ಲ. ದುಂಡನೆಯ ಕೊಡದಿಂದ ಉದ್ದನೆಯ ದಂಡಿಯ ಕೊನೆವರೆಗೂ ಒಂದೇ ಹಲಸಿನ ದಿಮ್ಮಿ. ಅಂಥ ದಪ್ಪನೆಯ ಒಳ್ಳೆ ಮರ ಸಿಗುವುದು ಕಷ್ಟ, ಅದಕ್ಕೇ ಆ ಬೆಲೆ. ಆದರೆ ಕೆಟ್ಟ ಏಕಾಂಡಕ್ಕಿಂತ ಚೆನ್ನಾಗಿ ಜೋಡಿಸಿದ ವೀಣೆ ಮೇಲು ಅಂತ ನನ್ನ ಕಿವಿ ಹೇಳುತ್ತೆ. ಮುಂದಿನ ಯುಗಾದಿವರೆಗೂ ಅಭ್ಯಾಸ ನಿಲ್ಲಿಸದಿದ್ದರೆ ಧಾರಾಳವಾಗಿ ತಗೊ. ಫೋಟೋ ನೋಡಿ ಮಾತ್ರ ತರಿಸಬೇಡ. ನಿನ್ನ ಟೀಚರನ್ನು ಕರೆದುಕೊಂಡು ಹೋಗು. ಅವರು ನುಡಿಸಲಿ, ನೀನು ಎದುರು ಕೂತು ಕೇಳು. ಮಂದ್ರದ ತಂತಿ ಮೀಟಿ ಬಿಟ್ಟಾಗ ನಾದ ಎಷ್ಟು ಹೊತ್ತು ನಿಲ್ಲುತ್ತೆ ನೋಡು. ತಂತಿ ಬಿಗಿಯುವ ಬಿರಡೆ ತಿರುಗಿಸಿ ಬಿಡು, ಜಾರುತ್ತಾ ನೋಡು. ದಂಡಿಯ ತುದಿಯಲ್ಲಿ ಕೆತ್ತಿದ ಯಾಳಿಯ ಮುಖದ ಬಣ್ಣ, ಕುಸುರಿ ಕೆಲಸ ಕೊನೆಗೆ ನೋಡಿದರಾಯ್ತು. ನಾನು ಕುಸುರಿಗೆ ಮರುಳಾಗಿ ಕೊಂಡ ಒಂದು ವೀಣೆ ಶೋಕೇಸಿನಲ್ಲಿ ದೂಳು ತಿನ್ನುತ್ತಿದೆ. ನಿನ್ನ ದೊಡ್ಡಪ್ಪ ಇವತ್ತಿಗೂ ಅದರ ಬೆಲೆ ನೆನಪಿಸುತ್ತಾರೆ.

ವೀಣೆ ಶೇಷಣ್ಣನವರ ಊರಿದು, ಮೇಳ ಕಟ್ಟುವವರಿಗೇನೂ ಬರವಿಲ್ಲ. ದಸರಾ ರಜೆಗೆ ಬರುವಾಗ ಅಜ್ಜಿಯ ವೀಣೆ ತಗೊಂಡು ಬಾ. ಸೋರೆಬುರುಡೆ ಬಿಚ್ಚಿ ಬೇರೆ ಬಟ್ಟೆಯಲ್ಲಿ ಸುತ್ತು. ಬೆಳಗಿನ ರೈಲಿಗೇ ಹೊರಡು, ಬಿಸಿಲೇರುವ ಮುಂಚೆ ಮನೆ ಸೇರಬೇಕು.

ನಿನ್ನ
ದೊಡ್ಡಮ್ಮ