ನಮ್ಮ ಪರವಾಗಿ ನಂಬಿದವರಿಗೆ

ಕಳೆದ ಆದಿತ್ಯವಾರದ ಆರಾಧನೆಯಲ್ಲಿ ಸಭಾಪಾಲಕರು ಕೃತಜ್ಞತಾ ಕಾಣಿಕೆಗಳ ಪಟ್ಟಿಯನ್ನು ಓದುವಾಗ ನಮ್ಮ ಕುಟುಂಬದ ಹೆಸರೂ ಬಂತು. "ಮಗಳ ಚಿಕಿತ್ಸೆ ಪೂರ್ಣಗೊಂಡದ್ದಕ್ಕಾಗಿ" ಎಂಬ ಒಂದೇ ಸಾಲು. ಎರಡೂವರೆ ವರ್ಷಗಳ ಋಣ ಆ ಒಂದು ಸಾಲಿನಲ್ಲಿ ಹಿಡಿಸದ ಕಾರಣ ಇದನ್ನು ಬರೆಯುತ್ತಿದ್ದೇನೆ.

ಏಳು ವರ್ಷದ ಮಗಳಿಗೆ ಜ್ವರ ಬಿಡದೆ, ಪೆಟ್ಟೇ ಬೀಳದ ಕಾಲಿನ ಮೇಲೆ ನೀಲಿ ಕಲೆಗಳು ಎದ್ದಾಗ ರಕ್ತವನ್ನೂ ಮಜ್ಜೆಯನ್ನೂ ಪರೀಕ್ಷಿಸಿ, ಅದು ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂದು ವೈದ್ಯರು ತಿಳಿಸಿದರು. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಇದೇ ಹೆಚ್ಚು ಸಾಮಾನ್ಯವೆಂದೂ, ಸರಿಯಾದ ಚಿಕಿತ್ಸೆಯಿಂದ ಗುಣವಾಗುವ ಮಕ್ಕಳೇ ಹೆಚ್ಚೆಂದೂ ಅವರು ಸಮಾಧಾನವಾಗಿ ವಿವರಿಸಿದರಂತೆ. 'ಅಂತೆ' ಎನ್ನಲು ಕಾರಣವಿದೆ: ನನ್ನ ಕಿವಿಗೆ ಬಿದ್ದದ್ದು ಕ್ಯಾನ್ಸರ್ ಎಂಬ ಪದ ಮಾತ್ರ, ಉಳಿದುದನ್ನು ಆಮೇಲೆ ಹೆಂಡತಿ ಹೇಳಿದಳು.

ನಾನು ಹದಿನೆಂಟು ವರ್ಷ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಕಲಿಸಿದವನು. ಭಯಪಡಬೇಡಿರಿ ಎಂಬ ವಚನಗಳನ್ನು ಅವರಿಂದ ಬಾಯಿಪಾಠ ಮಾಡಿಸಿದವನಿಗೆ ಆಸ್ಪತ್ರೆಯ ವರಾಂಡದಲ್ಲಿ ಕರ್ತನ ಪ್ರಾರ್ಥನೆಯನ್ನೂ ಪೂರ್ತಿ ಹೇಳಲಾಗಲಿಲ್ಲ. 'ನಿನ್ನ ಚಿತ್ತವು' ಎಂಬಲ್ಲಿಗೆ ಬಂದಾಗ ನಾಲಿಗೆ ನಿಂತುಬಿಡುತ್ತಿತ್ತು, ಏಕೆಂದರೆ ಆ ಚಿತ್ತ ಏನಿದ್ದೀತು ಎಂಬುದೇ ನನ್ನ ಭಯವಾಗಿತ್ತು. ಅದೇ ದಿನಗಳಲ್ಲಿ ನೋಡಲು ಬಂದ ಹಿರಿಯರೊಬ್ಬರು, ಮನೆಯವರ ನಂಬಿಕೆ ಗಟ್ಟಿಯಿದ್ದರೆ ಮಗುವಿಗೆ ಈ ಔಷಧಿಗಳೆಲ್ಲ ಬೇಕಾಗುತ್ತಿರಲಿಲ್ಲ ಎಂದು ಹೇಳಿ ಹೋದರು. ಅವರ ಮೇಲೆ ನನಗೀಗ ಸಿಟ್ಟಿಲ್ಲ, ಆದರೆ ಆ ಮಾತು ಸರಿಯಲ್ಲವೆಂದು ಹೇಳದೆ ಇರಲಾರೆ.

ನಮ್ಮ ಸಭಾಪಾಲಕರು ಉಪದೇಶಕ್ಕೆ ಬರಲಿಲ್ಲ. ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕುಳಿತು ಎಂಬತ್ತೆಂಟನೆಯ ಕೀರ್ತನೆಯನ್ನು ಓದಿದರು. ಬೇರೆ ಮೊರೆಯ ಕೀರ್ತನೆಗಳು ಬಹುಮಟ್ಟಿಗೆ ಸ್ತುತಿಯ ಕಡೆಗೆ ತಿರುಗುತ್ತವೆ, ಇದು ಹಾಗೆ ತಿರುಗದೆ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಹೀಗೆ ಕೂಗಿದವನ ಮಾತನ್ನೂ ದೇವಜನರು ತೆಗೆದುಹಾಕದೆ ತಮ್ಮ ಹಾಡಿನ ಪುಸ್ತಕದಲ್ಲಿ ಇಟ್ಟುಕೊಂಡರಲ್ಲ ಎಂದಷ್ಟೇ ಹೇಳಿ, ಒಂದು ಫ್ಲಾಸ್ಕ್ ಗಂಜಿ ಇಟ್ಟು ಹೋದರು. ನನ್ನ ಸಂಶಯವನ್ನು ಬಚ್ಚಿಡದೆ ಪ್ರಾರ್ಥನೆಯೊಳಕ್ಕೇ ತರಬಹುದು ಎಂದು ನನಗೆ ಹೊಳೆದದ್ದು ಆ ರಾತ್ರಿ.

ಪ್ಲೇಟ್‌ಲೆಟ್ ಎಂಬ, ರಕ್ತಸ್ರಾವ ನಿಲ್ಲಿಸುವ ರಕ್ತಕಣಗಳನ್ನು ಕೊಟ್ಟವರ ಋಣವನ್ನು ಹೇಗೆ ಹೇಳಲಿ? ಪ್ಲೇಟ್‌ಲೆಟ್‌ಗಳನ್ನು ಸಾಮಾನ್ಯವಾಗಿ ಐದು ದಿನಗಳಿಗಿಂತ ಹೆಚ್ಚು ಇಡಲಾಗದು, ಆದುದರಿಂದ ಪ್ರತಿ ಸಲವೂ ಯಾರಾದರೂ ಬಂದು ಒಂದೆರಡು ತಾಸು ಯಂತ್ರಕ್ಕೆ ಕೈಯೊಡ್ಡಿ ಮಲಗಬೇಕಾಗಿತ್ತು. ಯುವಜನ ಸಂಘದವರು ಬಂದರು. ಅವರಲ್ಲದೆ, ದೋಣಿಯಿಂದ ಇಳಿದು ಅಂಗಿಯನ್ನೂ ಬದಲಿಸದೆ ಬಂದ ಮೊಗವೀರ ಯುವಕನೊಬ್ಬ, ಉಪವಾಸದ ತಿಂಗಳಲ್ಲಿ ಇಫ್ತಾರ್ ಮುಗಿಸಿ ರಾತ್ರಿ ಒಂಬತ್ತಕ್ಕೆ ಬಂದ ನೆರೆಮನೆಯ ಹುಡುಗ, ಇವರೆಲ್ಲ ನಮ್ಮ ಪ್ರಾರ್ಥನೆಗೆ ಬಂದ ಉತ್ತರವೆಂದು ನಾನು ಸಂಕೋಚವಿಲ್ಲದೆ ನಂಬುತ್ತೇನೆ. ಹೀಗೆ ಹೇಳಿದ್ದಕ್ಕೆ ಅವರೇ ನಕ್ಕದ್ದೂ ಉಂಟು.

ನಮ್ಮದು ಹಂಚಿನ ಮನೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕೆಲಸ ಆರಂಭಿಸಿದ ಮೇಲೆ ನಮ್ಮವರ ಅನೇಕ ಮನೆತನಗಳು ಅದರಿಂದಲೇ ಬದುಕಿದವು, ನನ್ನ ಅಜ್ಜನೂ ಹಂಚಿನ ಕಾರ್ಖಾನೆಯಲ್ಲಿಯೇ ದುಡಿದವರು. ನಾವು ಆಸ್ಪತ್ರೆಯಲ್ಲಿದ್ದ ಜೂನ್ ತಿಂಗಳ ಗಾಳಿಮಳೆಗೆ ಹಂಚುಗಳು ಜರುಗಿ, ಮಗಳ ಕೋಣೆಯೊಳಗೆ ನೀರಿಳಿದು ಗೋಡೆಗೆ ಬೂಷ್ಟು ಹತ್ತಿತು. ಸೋಂಕನ್ನು ತಡೆಯುವ ಬಿಳಿರಕ್ತಕಣಗಳು ಕುಸಿದಿರುವ ಮಗುವನ್ನು ಬೂಷ್ಟು ಹಿಡಿದ ಕೋಣೆಗೆ ಕರೆತರುವುದು ಸಾಧ್ಯವಿರಲಿಲ್ಲ. ಸಭೆಯ ನಾಲ್ವರು, ನನಗೆ ಒಂದು ಮಾತೂ ತಿಳಿಸದೆ, ಮಾಡು ಹತ್ತಿ ಹಂಚುಗಳನ್ನು ತೆಗೆದು, ಕುಂಬಾದ ಎರಡು ಪಕ್ಕಾಸುಗಳನ್ನೂ ರೀಪುಗಳನ್ನೂ ಬದಲಿಸಿ, ಗೋಡೆ ಕೆರೆದು ಸುಣ್ಣ ಬಳಿದರು.

ಮನೆಗೆ ಬಂದ ದಿನ ಲೂಕನ ಸುವಾರ್ತೆಯ ಐದನೆಯ ಅಧ್ಯಾಯ ನೆನಪಾಯಿತು. ಪಾರ್ಶ್ವವಾಯು ಹಿಡಿದವನನ್ನು ಹೊತ್ತು ತಂದವರು ಜನಜಂಗುಳಿಯಿಂದಾಗಿ ಒಳಹೋಗಲಾರದೆ, ಹಂಚುಗಳನ್ನು ತೆಗೆದು ಅವನನ್ನು ಯೇಸುವಿನ ಮುಂದೆ ಇಳಿಸುತ್ತಾರೆ. ಹೊತ್ತವರು ನಾಲ್ವರೆಂಬುದನ್ನು ಮಾರ್ಕನು ಬರೆದಿದ್ದಾನೆ. ಎಷ್ಟೋ ಸಲ ಮಕ್ಕಳಿಗೆ ಹೇಳಿದ ಕಥೆಯಾದರೂ ಒಂದು ಪದವನ್ನು ನಾನು ಗಮನಿಸಿಯೇ ಇರಲಿಲ್ಲ: ಯೇಸು ಕಂಡದ್ದು 'ಅವರ' ನಂಬಿಕೆಯನ್ನು. ಮಲಗಿದ್ದವನಿಗೆ ನಂಬಿಕೆ ಇತ್ತೋ ಇಲ್ಲವೋ ಎಂಬ ಮಾತನ್ನು ಅಲ್ಲಿ ಯಾರೂ ಎತ್ತುವುದಿಲ್ಲ. ನನ್ನ ನಂಬಿಕೆ ಎದ್ದು ನಿಲ್ಲಲಾರದ ತಿಂಗಳುಗಳಲ್ಲಿ ನಿಮ್ಮೆಲ್ಲರ ನಂಬಿಕೆಯೇ ನಮ್ಮನ್ನು ಹೊತ್ತಿತು. ಅದಕ್ಕಾಗಿ, ಪ್ರತಿಯೊಂದು ಪ್ರಶ್ನೆಗೂ ಬೇಸರಿಸದೆ ಉತ್ತರಿಸಿದ ವೈದ್ಯರಿಂದ ಹಿಡಿದು ಸಪೂರ ನರವನ್ನು ಒಂದೇ ಚುಚ್ಚಿಗೆ ಹುಡುಕುತ್ತಿದ್ದ ದಾದಿಯವರೆಗೆ, ಎಲ್ಲರಿಗೂ ನಮ್ಮ ವಂದನೆಗಳು.

ಮಾತ್ರೆಗಳು ನಿಂತಿವೆ, ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮುಂದುವರಿಯುತ್ತದೆ. ಅದರ ಹಿಂದಿನ ರಾತ್ರಿ ನನಗೆ ಈಗಲೂ ನಿದ್ದೆ ಬರುವುದಿಲ್ಲ. ಮಗಳು ಮಾತ್ರ ಮಾಡಿನಿಂದ ಇಳಿಸಿದ ಹಂಚಿನ ಚೂರೊಂದನ್ನು ಬಿಲ್ಲೆ ಮಾಡಿಕೊಂಡು ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಾಳೆ. ಬಿದ್ದರೆ ರಕ್ತ ನಿಲ್ಲದೆಂದು ಎರಡು ವರ್ಷ ನಾವು ಅವಳಿಗೆ ಬಿಡದಿದ್ದ ಆಟ ಅದು.

ನನ್ನ ರಕ್ತದ ಗುಂಪು ಬಿ ಪಾಸಿಟಿವ್. ಯಾರ ಮಗುವಿಗಾದರೂ ಬೇಕಾದಲ್ಲಿ ಹೊತ್ತು ನೋಡದೆ ಕರೆಯಿರಿ, ಬರುತ್ತೇನೆ.