ಗಿಡಕ್ಕೆ ಯಾಕೆ ಸೂಜಿ ಮಾಡುವುದಿಲ್ಲ ಅಂದರೆ

ವಾಗೆನಿಂಗನ್, ನೆದರ್‌ಲ್ಯಾಂಡ್ಸ್

ಅಪ್ಪಾ,

ನಿಮಗೂ ಅವ್ವನಿಗೂ ನಮಸ್ಕಾರ. ನಾನು ಆರಾಮ ಇದ್ದೇನೆ. ಇಲ್ಲಿ ಮಳೆ ದಿನವಿಡೀ ಜಿನುಗುತ್ತದೆ, ನಮ್ಮ ಬ್ಯಾಡಗಿ ಕಡೆ ಹೊಡೆದು ಹೋಗುವ ಹಾಗಲ್ಲ.

ಮೊನ್ನೆ ಫೋನಿನಲ್ಲಿ ಕೇಳಿದಿರಿ: "ಗಂಟು ರೋಗ ಬರಬಾರದಂತ ಎತ್ತಿಗೆ ಸೂಜಿ ಮಾಡ್ತಾರ, ಮೆಣಸಿನ ಗಿಡಕ್ಕ ಯಾಕ ಮಾಡಂಗಿಲ್ಲ?" ನಾನು ನಕ್ಕುಬಿಟ್ಟೆ. ಫೋನ್ ಇಟ್ಟ ಮೇಲೆ ನಗು ನಿಂತಿತು. ಎರಡು ವರ್ಷದಿಂದ ಗಿಡದ ರೋಗವನ್ನೇ ಓದುತ್ತಿದ್ದೇನೆ, ಆದರೂ ಉತ್ತರ ಬಾಯಿಗೆ ಬರಲಿಲ್ಲ.

ಎತ್ತಿನ ಚರ್ಮಗಂಟು, ಮೆಣಸಿನ ಎಲೆ ಮಡಚಿಕೊಳ್ಳುವ ಮುಟುರು ರೋಗ ಎರಡೂ ವೈರಸ್ಸಿನ ಕೆಲಸ. ಎತ್ತಿಗೆ ಸೊಳ್ಳೆ, ಕಚ್ಚುವ ನೊಣ, ಉಣ್ಣಿ ತಂದು ಅಂಟಿಸುತ್ತವೆ. ಗಿಡಕ್ಕೆ ಬಿಳಿ ನೊಣ. ಸೂಜಿ ಮಾಡಿದರೆ ಎತ್ತಿನ ಮೈ ಆ ವೈರಸ್ಸಿನ ಗುರುತು ಇಟ್ಟುಕೊಳ್ಳುತ್ತದೆ, ಮುಂದೆ ಬಂದಾಗ ರಕ್ತದಲ್ಲೇ ಹಿಡಿದು ಹೊಡೆಯುತ್ತದೆ. ನಮ್ಮ ಕಡೆ ದನಗಳಿಗೆ ಹಾಕಿದ್ದು ಆಡಿನ ಸಿಡುಬಿನ ಲಸಿಕೆ. ಎರಡೂ ವೈರಸ್ಸು ಅಣ್ಣತಮ್ಮಂದಿರು. ಒಬ್ಬನ ಗುರುತು ಸಿಕ್ಕರೆ ಇನ್ನೊಬ್ಬನೂ ಸಿಕ್ಕಿಬೀಳುತ್ತಾನೆ. ಆದರೆ ಗಿಡಕ್ಕೆ ರಕ್ತ ಎಲ್ಲಿದೆ? ಓಡಾಡಿ ಕಾವಲು ಕಾಯುವವರೇ ಇಲ್ಲ. ರೋಗ ಹೊಕ್ಕ ಜಾಗದ ಜೀವಕೋಶಗಳನ್ನು ಎಷ್ಟೋ ಸಲ ಗಿಡವೇ ಕೊಂದುಕೊಳ್ಳುತ್ತದೆ. ಬಣವಿಗೆ ಬೆಂಕಿ ಬಿದ್ದಾಗ ಪಕ್ಕದ ಬಣವಿ ಕಿತ್ತು ಹಾಕುತ್ತೇವಲ್ಲ, ಹಾಗೆ.

ತಮಾಷೆ ಅಂದರೆ, ಗಿಡಕ್ಕೆ ಸೂಜಿ ಚುಚ್ಚಿದವನು ಇದೇ ಊರಿನಲ್ಲಿದ್ದ! ಅಡಾಲ್ಫ್ ಮಾಯರ್ ಅಂತ ಒಬ್ಬ ವಿಜ್ಞಾನಿ. ಎಲೆ ಮಚ್ಚೆಯಾದ ತಂಬಾಕು ಗಿಡದ ರಸ ಹಿಂಡಿ, ಸಣ್ಣ ಗಾಜಿನ ನಳಿಕೆಯಿಂದ ಒಳ್ಳೆ ಗಿಡದ ಎಲೆಯ ನರಕ್ಕೆ ಏರಿಸಿದ. ಹತ್ತರಲ್ಲಿ ಒಂಬತ್ತು ಗಿಡಕ್ಕೆ ರೋಗ ಬಂತು. 1886ರಲ್ಲಿ ಬರೆದಿಟ್ಟ. ಬ್ಯಾಕ್ಟೀರಿಯಾ ಇರಬೇಕು ಅಂದುಕೊಂಡಿದ್ದ, ಪಾಪ. 1898ರಲ್ಲಿ ಡೆಲ್ಫ್ಟ್ ಊರಿನ ವಿಜ್ಞಾನಿ ಬೈಯರಿಂಕ್, ಬ್ಯಾಕ್ಟೀರಿಯಾ ನುಸುಳದಂಥ ಸೋಸುಕದಲ್ಲಿ ಸೋಸಿದ ರಸವೂ ರೋಗ ತರುತ್ತದೆ ಅಂತ ತೋರಿಸಿದ. ಅಂದರೆ ಅದು ಬ್ಯಾಕ್ಟೀರಿಯಾ ಅಲ್ಲ, ವೈರಸ್ಸು. ಅದೇ ವರ್ಷ ಜರ್ಮನಿಯಲ್ಲಿ ಇಬ್ಬರು ದನದ ಕಾಲುಬಾಯಿ ಬೇನೆಯಲ್ಲೂ ಇದನ್ನೇ ಕಂಡರು. ನೋಡಿ, ವೈರಸ್ಸಿನ ಕಥೆ ಶುರುವಾಗಿದ್ದೇ ಹೊಲ ಮತ್ತು ಕೊಟ್ಟಿಗೆಯಿಂದ.

ಈ ತಂಬಾಕಿನ ವೈರಸ್ಸು ಮೆಣಸಿಗೂ ಬರುತ್ತದೆ. ಒಣಗಿದ ತಂಬಾಕಿನಲ್ಲೂ ಸಾಯುವುದಿಲ್ಲ. ಇದಕ್ಕೆ ನೊಣ ಬೇಡ, ಕೈ ಸಾಕು. ಗಿಡದ ಜೀವಕೋಶಕ್ಕೆ ಗಟ್ಟಿ ಗೋಡೆ ಇರುವುದರಿಂದ ವೈರಸ್ಸು ತಾನಾಗಿ ಒಳಗೆ ಹೋಗಲಾರದು, ಆದರೆ ಅಗಿ (ಸಸಿ) ಕಿತ್ತು ಹಚ್ಚುವಾಗ ಆಗುವ ಸಣ್ಣ ಗಾಯವೇ ಅದಕ್ಕೆ ಬಾಗಿಲು. ಕಾಕಾ ಅಂಗೈಯಲ್ಲಿ ತಂಬಾಕು ತಿಕ್ಕಿ ಅದೇ ಕೈಯಿಂದ ಅಗಿ ಹಚ್ಚುವುದು ನನ್ನ ಕಣ್ಣ ಮುಂದೆಯೇ ಇದೆ.

ಹಣ್ಣು ಕೊಳೆ ರೋಗ ಬೇರೆ ಜಾತಿ. ಅದು ಶಿಲೀಂಧ್ರ, ಅಂದರೆ ಬೂಷ್ಟಿನ ಸಂಬಂಧಿ. ಅದಕ್ಕೆ ಗಾಯವೂ ಬೇಕಿಲ್ಲ. ಕಾಯಿಗೆ ಅಂಟಿಕೊಂಡು, ಒತ್ತಿ, ಮೊಳೆ ಹೊಡೆದ ಹಾಗೆ ಸಿಪ್ಪೆ ತೂರಿ ಒಳಗೆ ಇಳಿಯುತ್ತದೆ. ಒದ್ದೆ ಇದ್ದರೆ ಜಾಸ್ತಿ. ಶಿಲೀಂಧ್ರದ ಔಷಧಿ ಇದಕ್ಕೆ ಕೆಲಸ ಮಾಡುತ್ತದೆ, ಮುಟುರಿಗೆ ಮಾಡುವುದಿಲ್ಲ. ಅಂಗಡಿಯವರು ಎಲ್ಲಕ್ಕೂ ಒಂದೇ ಬಾಟಲಿ ಕೊಟ್ಟರೆ ತರಬೇಡಿ ಅಪ್ಪಾ, ಸುಮ್ನೆ ದುಡ್ಡು ದಂಡ. ದನದಲ್ಲೂ ಅಷ್ಟೇ. ಗಳಲೆ ರೋಗ ಬ್ಯಾಕ್ಟೀರಿಯಾದ್ದು, ಬೇಗ ಹಿಡಿದರೆ ಆ್ಯಂಟಿಬಯಾಟಿಕ್‌ಗೆ ಬಗ್ಗುತ್ತದೆ. ಗಂಟು ರೋಗದ ವೈರಸ್ಸಿಗೆ ಅದು ತಾಗುವುದೇ ಇಲ್ಲ, ಗಾಯ ಕೀವಾಗದಂತೆ ಕೊಡುತ್ತಾರೆ ಅಷ್ಟೇ.

ಇನ್ನೊಂದು. ಎಲೆ ಮುಟುರಿದ್ದೆಲ್ಲ ವೈರಸ್ಸಲ್ಲ. ದೋಣಿಯ ಹಾಗೆ ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್ ಅನ್ನುವ ಸಣ್ಣ ಹುಳ ನೋಡಿ, ಕೆಳಕ್ಕೆ ಬಾಗಿದ್ದರೆ ನುಸಿ. ಎಲೆ ತಿರುವಿ ಒಂದು ಫೋಟೋ ಕಳಿಸಿ. ವೈರಸ್ಸೇ ಆಗಿದ್ದರೆ ಆ ಗಿಡ ಕಿತ್ತುಬಿಡಿ, ಮುಂದಿನ ಸಲ ಅಗಿ ಮಡಿಗೆ ಸಣ್ಣ ಕಣ್ಣಿನ ಪರದೆ ಕಟ್ಟೋಣ.

ಅವ್ವ ಕಳಿಸಿದ ರಂಜಕ ಮುಗಿಯುತ್ತಾ ಬಂತು. ಕಾಕಾಗೆ ಸೋಪು ಹಚ್ಚಿ ಕೈ ತೊಳೆಯಲು ಹೇಳಿ. ನಾನು ಹೇಳಿದೆ ಅಂತ ಮಾತ್ರ ಹೇಳಬೇಡಿ, ಊರಿಗೆ ಬಂದಾಗ ಬಿಡುವುದಿಲ್ಲ.

ನಿಮ್ಮ ಮಗ