ಲಿವರ್‌ಗೆ ಕುಕ್ಕರ್ ಬೇಡ

ಮಾನ್ಯ ಸಂಪಾದಕರೆ,

ರಕ್ತಹೀನತೆ ಕುರಿತು ಆರೋಗ್ಯ ಪುಟದಲ್ಲಿ ಬಂದ ಲೇಖನ ಬೀಟ್‌ರೂಟ್, ದಾಳಿಂಬೆ, ಖರ್ಜೂರ ಎಂದು ಎಣಿಸಿ ಕೈ ತೊಳೆದುಕೊಂಡಿದೆ. ಬೀಟ್‌ರೂಟ್ ಕೆಂಪಗಿದೆ ನಿಜ. ಆದರೆ 100 ಗ್ರಾಂ ತಿಂದರೂ ಸಿಗುವ ಕಬ್ಬಿಣಾಂಶ 1 ಮಿಲಿಗ್ರಾಂ ಮುಟ್ಟುವುದಿಲ್ಲ. ಅಷ್ಟೇ ತೂಕದ ಕುರಿ ಲಿವರ್‌ನಲ್ಲಿ ಸುಮಾರು 7, ಕೋಳಿ ಲಿವರ್‌ನಲ್ಲಿ ಸುಮಾರು 9 ಮಿಲಿಗ್ರಾಂ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರೊಳಗಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಮಾಂಸ ತಿನ್ನುವ ಮನೆಗಳ ಮಟ್ಟಿಗಾದರೂ ಲಿವರ್ ಹೆಸರು ಎತ್ತಬೇಕಿತ್ತು.

ಸೊಪ್ಪು, ಕಾಳು, ರಾಗಿಯ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ. ಲಿವರ್‌ನದು ಅದಕ್ಕಿಂತ ಸುಲಭವಾಗಿ ಹತ್ತುತ್ತದೆ. ಜೊತೆಗೆ, ಮಾಂಸದೊಂದಿಗೆ ತಿಂದಾಗ ರಾಗಿಯ ಕಬ್ಬಿಣಾಂಶವನ್ನೂ ದೇಹ ಚೆನ್ನಾಗಿ ಹೀರಿಕೊಳ್ಳುತ್ತದೆ. ಹಾಗಾಗಿ ನಮ್ಮ ಮಿಲ್ಟ್ರಿ ಹೋಟೆಲಿನ ಮುದ್ದೆ–ಲಿವರ್ ಜೋಡಿಗೆ ಯಾವ ಆಹಾರತಜ್ಞರೂ ತಿದ್ದುಪಡಿ ಹೇಳಬೇಕಿಲ್ಲ. ಮೇಲೆ ನಿಂಬೆಹುಳಿ ಹಿಂಡಿ, ಊಟ ಆದ ತಕ್ಷಣ ಕಾಫಿ ಕುಡಿಯದಿದ್ದರೆ ಸಾಕು.

ಕಬ್ಬಿಣಾಂಶವೊಂದೇ ಅಲ್ಲ, ರಕ್ತ ಆಗಲು ಬೇಕಾದ ವಿಟಮಿನ್‌ಗಳಾದ ಫೋಲೇಟ್ ಮತ್ತು ಬಿ12 ಕೂಡ ಲಿವರ್‌ನಲ್ಲಿ ಧಾರಾಳ. 1926ರಲ್ಲಿ ಅಮೆರಿಕದ ವೈದ್ಯರಾದ ಮೈನಾಟ್ ಮತ್ತು ಮರ್ಫಿ, ಅಲ್ಲಿಯವರೆಗೆ ಪ್ರಾಣ ತೆಗೆಯುತ್ತಿದ್ದ ಒಂದು ಬಗೆಯ ರಕ್ತಹೀನತೆಯನ್ನು ದಿನವೂ ಲಿವರ್ ತಿನ್ನಿಸಿಯೇ ಹಿಡಿತಕ್ಕೆ ತಂದರು. 1934ರಲ್ಲಿ ಅವರಿಗೆ ಅಮೆರಿಕದವರೇ ಆದ ವಿಜ್ಞಾನಿ ವಿಪಲ್ ಜೊತೆ ನೊಬೆಲ್ ಬಂತು. ಅದರೊಳಗಿನ ಮದ್ದು ಬಿ12 ಎಂದು ಗೊತ್ತಾದದ್ದು 1948ರಲ್ಲಿ. ಈಗ ಆ ಕಾಯಿಲೆಗೆ ಇಂಜೆಕ್ಷನ್ ಇದೆ, ದಿನವೂ ಲಿವರ್ ತಿನ್ನುವ ಶಿಕ್ಷೆ ಯಾರಿಗೂ ಇಲ್ಲ.

ದಿನವೂ ತಿನ್ನಲೂಬಾರದು. 100 ಗ್ರಾಂ ಕುರಿ ಲಿವರ್‌ನಲ್ಲಿ 7,000 ಮೈಕ್ರೋಗ್ರಾಂ ದಾಟುವಷ್ಟು ವಿಟಮಿನ್ ಎ ಇರುತ್ತದೆ. ಹೆಂಗಸೊಬ್ಬರಿಗೆ ದಿನಕ್ಕೆ ಬೇಕಾದದ್ದು 840. ಅಂದರೆ ಒಂದು ಪ್ಲೇಟಿನಲ್ಲೇ ಒಂದು ವಾರದ ಲೆಕ್ಕ ಮುಗಿಯಿತು. ದೊಡ್ಡವರಿಗೆ ವಾರಕ್ಕೊಮ್ಮೆ 75 ಗ್ರಾಂ, ಪುಟ್ಟ ಮಕ್ಕಳಿಗೆ ಕೋಳಿ ಲಿವರ್‌ನ ಎರಡು ಸಣ್ಣ ಚೂರು ಸಾಕು. ಕೋಳಿಯದರಲ್ಲಿ ಈ ವಿಟಮಿನ್ ಅರ್ಧಕ್ಕಿಂತ ಕಡಿಮೆ.

ಇಲ್ಲೊಂದು ತಪ್ಪು ಮನೆಮನೆಯಲ್ಲೂ ನಡೆಯುತ್ತಿದೆ. ಬಸುರಿಗೆ ‘ರಕ್ತ ಆಗಲಿ’ ಎಂದು ಲಿವರ್ ಬಡಿಸುತ್ತಾರೆ. ಪ್ರಾಣಿಮೂಲದ ವಿಟಮಿನ್ ಎ ಅತಿಯಾದರೆ ಹೊಟ್ಟೆಯಲ್ಲಿರುವ ಮಗುವಿನ ಅಂಗಾಂಗ ಊನವಾಗುವ ಅಪಾಯವಿದೆ, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ. ಬಸುರಿಯರು, ಬಸುರಾಗಲು ಕಾಯುತ್ತಿರುವವರು ಲಿವರ್ ಬಿಟ್ಟು, ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆ ನುಂಗಲಿ. ಗೌಟ್ (ಯೂರಿಕ್ ಆಮ್ಲದಿಂದ ಬರುವ ಕೀಲುನೋವು) ಇರುವವರು, ಮೈಯಲ್ಲಿ ತಾಮ್ರ ಕೂಡಿಕೊಳ್ಳುವ ವಿಲ್ಸನ್ ಕಾಯಿಲೆಯವರು, ವಿಟಮಿನ್ ಎ ಇರುವ ಕಾಡ್ ಲಿವರ್ (ಮೀನಿನ ಲಿವರ್) ಎಣ್ಣೆಯ ಮಾತ್ರೆ ತೆಗೆದುಕೊಳ್ಳುವವರೂ ದೂರ ಇರುವುದು ವಾಸಿ.

‘ಲಿವರ್ ಎಂದರೆ ವಿಷದ ಉಗ್ರಾಣ’ ಎನ್ನುವುದು ಅರ್ಧ ಸತ್ಯ. ಅದು ವಿಷವನ್ನು ಒಡೆದು ಸಾಗಹಾಕುವ ಜಾಗ, ಕೂಡಿಡುವ ಗೋದಾಮಲ್ಲ. ಆದರೆ ಕ್ಯಾಡ್ಮಿಯಂನಂಥ ಲೋಹಗಳು ವಯಸ್ಸಾದ ಪ್ರಾಣಿಯ ಲಿವರ್‌ನಲ್ಲಿ ಸ್ವಲ್ಪ ಸೇರಿಕೊಳ್ಳುವುದುಂಟು. ಆದ್ದರಿಂದ ಎಳೆ ಮರಿಯದನ್ನೇ ಕೇಳಿ.

ಶಿವಾಜಿನಗರದ ರಸೆಲ್ ಮಾರ್ಕೆಟ್ಟಾಗಲಿ, ನಿಮ್ಮ ಬೀದಿಯ ಮಟನ್ ಸ್ಟಾಲಾಗಲಿ, ಕತ್ತರಿಸುವ ಮೊದಲೇ ಇಡೀ ಲಿವರನ್ನು ತೋರಿಸಲು ಹೇಳಿ. ಒಂದೇ ಸಮ ಕಡುಗೆಂಪು, ನುಣುಪು ಮೈ, ಬೆರಳಿನಿಂದ ಒತ್ತಿದರೆ ಮತ್ತೆ ಏಳಬೇಕು. ನೀರುಗುಳ್ಳೆ, ಬಿಳಿ ಗಂಟು, ದಪ್ಪಗೆ ಗಟ್ಟಿಯಾದ ನಾಳ ಕಂಡರೆ ಹುಳುವಿನ ಕಾಟ, ಬೇಡವೆನ್ನಿ. ನೀರುಗುಳ್ಳೆಯ ಲಿವರನ್ನು ಬೀದಿನಾಯಿಗೆ ಎಸೆಯುವುದಂತೂ ಕೂಡದು. ಆ ಗುಳ್ಳೆಯೊಳಗಿರುವ ಹೈಡಾಟಿಡ್ ಎಂಬ ಹುಳು ನಾಯಿಯ ಹೊಟ್ಟೆಯಲ್ಲೇ ಬೆಳೆದು, ಮೊಟ್ಟೆಗಳು ಅದರ ಮಲದ ಮೂಲಕ ಮನುಷ್ಯರಿಗೂ ಬರುತ್ತವೆ. ಕೋಳಿ ಲಿವರ್‌ನಲ್ಲಿ ಹಸಿರು ಕಲೆ ಇದ್ದರೆ ಅದು ಪಿತ್ತ. ಅಷ್ಟು ಭಾಗ ಕೊಯ್ದು ಬಿಸಾಡದಿದ್ದರೆ ಇಡೀ ಬಾಂಡ್ಲಿ ಕಹಿ.

ಇನ್ನು ಅಡುಗೆ. ಲಿವರ್ ರಬ್ಬರಿನಂತಾಯಿತು ಎಂದು ಇನ್ನೆರಡು ಸೀಟಿ ಕೂಗಿಸುವವರು ಬಹಳ. ಕಾಲು, ಬೋಟಿಯಲ್ಲಿ ಗಟ್ಟಿ ನಾರು ತುಂಬಿರುತ್ತದೆ, ಬೆಂದಷ್ಟೂ ಕರಗಿ ಮೆತ್ತಗಾಗುತ್ತದೆ. ಲಿವರ್‌ನಲ್ಲಿ ಕರಗಲು ಅಂಥದ್ದು ಹೆಚ್ಚೇನೂ ಇಲ್ಲ. ಬೆಂದಷ್ಟೂ ಬಿಗಿದುಕೊಂಡು ನೀರು ಬಿಡುತ್ತದೆ, ಕೊನೆಗೆ ಬಾಯಲ್ಲಿ ಸುಣ್ಣದಕಡ್ಡಿಯ ಪುಡಿ.

ಅರ್ಧ ಕೆ.ಜಿ. ಕುರಿ ಲಿವರ್‌ನ ಮೇಲಿನ ತೆಳು ಪೊರೆಯನ್ನು ಉಗುರಿನಲ್ಲಿ ಎಬ್ಬಿಸಿ ಸುಲಿಯಿರಿ. ಪೊರೆ ಉಳಿದರೆ ಚೂರುಗಳು ಮುದುರಿಕೊಳ್ಳುತ್ತವೆ. ಬಿಳಿ ನಾಳ ತೆಗೆದು, ಎರಡು ಸೆಂಟಿಮೀಟರ್ ಚೂರು ಮಾಡಿ, ಬಟ್ಟೆಯಲ್ಲಿ ಒತ್ತಿ ತೇವ ತೆಗೆಯಿರಿ. ವಾಸನೆ ಆಗದವರು ಮೊದಲು ಅರ್ಧ ಗಂಟೆ ಮಜ್ಜಿಗೆಯಲ್ಲಿ ನೆನೆಸಬಹುದು.

ಕಬ್ಬಿಣದ ಬಾಂಡ್ಲಿಯಲ್ಲಿ ಮೂರು ದೊಡ್ಡ ಚಮಚ ಎಣ್ಣೆಗೆ ಕರಿಬೇವು, ಸೀಳಿದ ಹಸಿಮೆಣಸಿನಕಾಯಿ ಎರಡು, ಹೆಚ್ಚಿದ ಈರುಳ್ಳಿ ಎರಡು ಹಾಕಿ ಕೆಂಪಗೆ ಹುರಿಯಿರಿ. ಒಂದು ದೊಡ್ಡ ಚಮಚ ಶುಂಠಿ–ಬೆಳ್ಳುಳ್ಳಿ ಪೇಸ್ಟು, ಕಾಲು ಚಮಚ ಅರಿಸಿನ, ಒಂದು ಚಮಚ ಧನಿಯಾ ಪುಡಿ ಹಾಕಿ, ಹಸಿವಾಸನೆ ಪೂರ್ತಿ ಹೋಗಿ ಎಣ್ಣೆ ಬಿಡಬೇಕು. ಮಸಾಲೆಯ ಕೆಲಸ ಇಲ್ಲೇ ಮುಗಿಯಲಿ. ಲಿವರ್ ಬಿದ್ದ ಮೇಲೆ ಅದಕ್ಕೆ ಪುರಸೊತ್ತಿಲ್ಲ. ಮಸಾಲೆಯನ್ನು ಅಂಚಿಗೆ ಸರಿಸಿ, ಉರಿ ಜೋರು ಮಾಡಿ, ಅರ್ಧದಷ್ಟು ಲಿವರ್ ಮಾತ್ರ ಹರಡಿ, ಒಂದು ನಿಮಿಷ ಸೌಟು ಮುಟ್ಟಬೇಡಿ. ಕೆಂಪಾದ ಚೂರನ್ನು ತೆಗೆದಿಟ್ಟು ಉಳಿದರ್ಧ ಹಾಕಿ. ಎಲ್ಲವನ್ನೂ ಒಮ್ಮೆಗೇ ಸುರಿದರೆ ಬಾಂಡ್ಲಿ ತಣ್ಣಗಾಗಿ, ನೀರು ಬಿಟ್ಟು, ಲಿವರ್ ಹುರಿಯುವ ಬದಲು ಬೂದುಬಣ್ಣಕ್ಕೆ ಬೇಯುತ್ತದೆ. ಬಳಿಕ ಎಲ್ಲ ಒಟ್ಟು ಮಾಡಿ ಸಣ್ಣ ಉರಿಯಲ್ಲಿ ಮುಚ್ಚಿ ಮೂರು ನಿಮಿಷ. ದಪ್ಪ ಚೂರೊಂದನ್ನು ಸೀಳಿ ನೋಡಿ: ಒಳಗೆ ಕೆಂಪು ರಸ ಇರಬಾರದು. ಉಪ್ಪು ನೀರೆಳೆಯುತ್ತದೆ, ಕೊನೆಗೇ ಹಾಕಿ. ಒಂದೂವರೆ ಚಮಚ ಕುಟ್ಟಿದ ಮೆಣಸೂ ಆಗಲೇ.

ಕೋಳಿ ಲಿವರ್ ಎಣ್ಣೆಯಲ್ಲಿ ಪಟ್ಟೆಂದು ಸಿಡಿಯುತ್ತದೆ, ಅರೆ ಮುಚ್ಚಳ ಇರಲಿ. ಅದನ್ನು ಅರೆಬೇಯಿಸಿ ತಿನ್ನುವ ಹೊಸ ರೆಸ್ಟೊರೆಂಟ್ ಶೋಕಿ ಮಾತ್ರ ಬೇಡ. ಹೊಟ್ಟೆ ಕೆಡಿಸುವ ಕ್ಯಾಂಪಿಲೊಬ್ಯಾಕ್ಟರ್, ಸಾಲ್ಮೊನೆಲ್ಲಾ ಎಂಬ ರೋಗಾಣುಗಳು ಒಳಗಡೆಯೂ ಇರಬಹುದು, ನಡುಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು.

ಉಳಿದ ಫ್ರೈಯನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ಹಾಗೇ ಬಿಸಿ ಮಾಡಿದರೆ ಮತ್ತೆ ರಬ್ಬರ್. ಸಣ್ಣಗೆ ಹೆಚ್ಚಿ, ಎಗ್ ಬುರ್ಜಿ ಇನ್ನೇನು ಆಗುವ ಹೊತ್ತಿಗೆ ಅದರಲ್ಲಿ ಬೆರೆಸಿ ಹಬೆಯಾಡುವಷ್ಟು ಬಿಸಿ ಮಾಡಿ.

— ಇಬ್ಬರು ಆಹಾರತಜ್ಞೆಯರು, ಬಸವನಗುಡಿ, ಬೆಂಗಳೂರು